ದೂರಪ್ಪನವರ ಬಿಸಿಲು ಸಂಸಾರ

ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಕೂತು ಕೂತು ಅವರಿಗೆ ದೂರಪ್ಪ ಎಂಬ ಹೆಸರೇ ಗಟ್ಟಿಯಾಗಿಬಿಟ್ಟಿತ್ತು. ಫೋನಿನಲ್ಲಿ ಊರವರ ಬೈಗುಳ ಕೇಳುವುದು ಅವರ ಉದ್ಯೋಗ. ಕರೆಂಟ್ ಹೋದರೆ ಬೈಗುಳ, ತಡವಾಗಿ ಬಂದರೆ ಬೈಗುಳ, ಬಂದು ಮತ್ತೆ ಹೋದರಂತೂ ವಂಶವೃಕ್ಷದ ಬೇರಿನವರೆಗೂ ಬೈಗುಳ. ಅದನ್ನೆಲ್ಲ ಸಹಿಸಿದ್ದರು. ಆದರೆ ಒಂದು ದಿನ ಸುಸ್ತಾಗಿ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಕರೆಂಟ್ ಹೋಯಿತು. ಒಳಗಿನಿಂದ ಹೆಂಡತಿ, "ಅದೇನ್ರೀ ನಿಮ್ಮ ಆಫೀಸಿನೋರು ಮಾಡ್ತಿರೋದು?" ಎಂದು ಶುರುಮಾಡಿದಳು. ದೂರಪ್ಪನವರ ತಲೆಯೊಳಗಿನ ಫ್ಯೂಸೂ ಹೋಯಿತು.

"ಇನ್ಮೇಲೆ ಈ ಮನೆಗೆ ಯಾವ ಆಫೀಸಿನ ಹಂಗೂ ಬೇಡ! ಸಾಕ್ಷಾತ್ ಸೂರ್ಯನಿಂದಲೇ ತಗೊಳ್ಳೋಣ!" ಎಂದು ಕತ್ತಲಲ್ಲಿ ನಿಂತೇ ಘೋಷಿಸಿದರು.

ಕೆಲವೇ ದಿನಗಳಲ್ಲಿ ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್‌ಗಳು ಬಂದು ಕೂತವು. ಹಳೆಯ ಸಂಪರ್ಕವನ್ನು ದೂರಪ್ಪ ತಾವೇ ಅರ್ಜಿ ಹಾಕಿ ತೆಗೆಸಿದರು. (ಅರ್ಜಿ ನೋಡಿದ ಮೇಲಧಿಕಾರಿಗಳು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರಂತೆ.) ಬ್ಯಾಟರಿ ಮಾತ್ರ ಚಿಕ್ಕದು.

"ರಾತ್ರಿಗೆ ಇಷ್ಟು ಸಾಕಾ?" ಎಂದಳು ಹೆಂಡತಿ.

"ಶಿಸ್ತು ದೊಡ್ಡದಿದ್ರೆ ಬ್ಯಾಟರಿ ಚಿಕ್ಕದಿದ್ರೂ ನಡೆಯುತ್ತೆ," ಎಂದರು ದೂರಪ್ಪ. ರಜೆಯ ದಿನ ಹೆಂಡತಿಯನ್ನೂ ತಾಯಿಯನ್ನೂ ನಡುಮನೆಯಲ್ಲಿ ಕೂರಿಸಿ ರಾಜಾಜ್ಞೆ ಹೊರಡಿಸಿದರು. "ಬಿಸಿಲಿದ್ದಾಗಲೇ ಕೆಲಸ. ವಾಷಿಂಗ್ ಮೆಷಿನ್, ಮಿಕ್ಸಿ, ಇಸ್ತ್ರಿ, ಕರೆಂಟ್ ಒಲೆ ಅಡುಗೆ, ಎಲ್ಲಾ ಹಗಲೇ ಮುಗೀಬೇಕು. ಕತ್ತಲಾದ ಮೇಲೆ ಬ್ಯಾಟರಿ ಇರೋದು ಫ್ರಿಜ್ಜಿಗೆ ಮಾತ್ರ."

"ನನ್ನ ಧಾರಾವಾಹಿ ಬರೋದೇ ರಾತ್ರಿ ಕಣೋ," ಎಂದರು ತಾಯಿ.

"ಮಾರನೇ ದಿನ ಮಧ್ಯಾಹ್ನ ಮತ್ತೆ ಹಾಕ್ತಾರಮ್ಮ. ಅತ್ತೆ ಸೊಸೆ ಜಗಳ ಒಂದೇ ದಿನಕ್ಕೆ ಹಳಸಲ್ಲ."

ಇಬ್ಬರೂ ದೊಡ್ಡ ರಂಪ ಮಾಡುತ್ತಾರೆ, ಆಗ ಹೀಗೆ ಹೀಗೆ ಉತ್ತರ ಕೊಡಬೇಕು ಎಂದು ದೂರಪ್ಪ ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿಕೊಂಡಿದ್ದರು. ಆದರೆ ಅವರಿಬ್ಬರೂ ಅಷ್ಟಕ್ಕೇ ಒಪ್ಪಿಕೊಂಡುಬಿಟ್ಟರು. ಎಡವಟ್ಟಾಗಿದ್ದೇ ಅಲ್ಲಿ.

ಬಿಸಿಲು ಏರಿದೊಡನೆ ಹೆಂಡತಿ ಬಟ್ಟೆ ಒಗೆಯಲು ಹಾಕುವಳು, ನೀರು ಕಾಯಿಸುವಳು, ಅಡುಗೆ ಮುಗಿಸುವಳು. ತಾಯಿ ಮಧ್ಯಾಹ್ನ ಫ್ಯಾನು ಜೋರು ಮಾಡಿಕೊಂಡು ಧಾರಾವಾಹಿ ನೋಡುವರು. ಸಂಜೆ ತಾರಸಿಯಲ್ಲಿ ಗಾಳಿ ಸೇವಿಸಿ, ಬೆಳಕಿರುವಾಗಲೇ ಉಂಡು, ಹಕ್ಕಿಗಳು ಗೂಡು ಸೇರಿದ ಹಿಂದೆಯೇ ಇವರೂ ಹಾಸಿಗೆ ಸೇರುವರು. ಹೆಂಡತಿಯ ಹಳೆಯ ತಲೆನೋವು ಹೇಳದೆ ಕೇಳದೆ ಮಾಯವಾಯಿತು. ತಾಯಿ ಒಂದು ಸುತ್ತು ದುಂಡಗಾದರು.

ಇತ್ತ ದೂರಪ್ಪ ಬಿಸಿಲು ಬಲಿಯುವ ಮುಂಚೆಯೇ ತಣ್ಣೀರು ಸುರಿದುಕೊಂಡು ಕೆಲಸಕ್ಕೆ ಓಡಬೇಕು. ಮರಳಿ ಬರುವಷ್ಟರಲ್ಲಿ ಕತ್ತಲು. ತಾವೇ ಮನೆಗೆ ಕರೆತಂದ ಸೂರ್ಯನ ಮುಖ ಅವರಿಗೆ ಕಾಣುತ್ತಿದ್ದುದು ರಜೆಯ ದಿನ ಮಾತ್ರ. ಬಾಗಿಲು ತೆರೆದು, ಸ್ಟೂಲಿಗೆ ಮೊಣಕಾಲು ಬಡಿಸಿಕೊಂಡು, "ಅಯ್ಯೋ" ಎಂದರೆ ಅದೇ ಕರೆಗಂಟೆ.

"ಊಟ ಮುಚ್ಚಿಟ್ಟಿದೀನಿ ರೀ," ಎನ್ನುವಳು ಹೆಂಡತಿ ನಿದ್ದೆಗಣ್ಣಲ್ಲಿ.

"ಸ್ವಲ್ಪ ಬಿಸಿ ಮಾಡ್ಕೊಳ್ಲಾ?"

"ಬಿಸಿ ಬೇಕಂದ್ರೆ ಬಿಸಿಲಿರ್ಬೇಕು ಕಣೋ," ಎಂದು ಪಕ್ಕದ ಕೋಣೆಯಿಂದ ತಾಯಿಯ ದನಿ.

ಗತಿಯಿಲ್ಲದೆ ಫ್ರಿಜ್ಜಿನ ಬಾಗಿಲು ತೆರೆದು, ಅದರ ಪುಟ್ಟ ದೀಪದ ಬೆಳಕಿನಲ್ಲಿ ತಟ್ಟೆ ಹಿಡಿದು ನಿಂತರೆ, ಅದಕ್ಕೂ ಆಕ್ಷೇಪಣೆ. "ಫ್ರಿಜ್ ಬಾಗಿಲು ತೆರೆದಿಟ್ರೆ ಕರೆಂಟ್ ಜಾಸ್ತಿ ಎಳೆಯುತ್ತೆ ಅಂದೋರು ಯಾರ್ರೀ?" ಅಂದವರು ತೆಪ್ಪಗೆ ಬಾಗಿಲು ಹಾಕಿದರು. ಈ ಮನೆಯಲ್ಲಿ ಫ್ರಿಜ್ಜಿನೊಳಗಿನ ಟೊಮೆಟೊಗಿರುವ ಮರ್ಯಾದೆ ತಮಗಿಲ್ಲವಲ್ಲ ಎಂದು ತಣ್ಣನೆಯ ತುತ್ತಿನೊಂದಿಗೆ ಅದನ್ನೂ ನುಂಗಿಕೊಂಡರು.

ಒಂದು ಸಂಜೆ ಮಾತ್ರ ದೂರಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಬ್ಬರೇ ನಗುತ್ತಾ ಬಂದರು. ಯಾರೋ ಹೆಂಗಸು ಫೋನ್ ಮಾಡಿ, "ಕರೆಂಟ್ ಬಂತು ಸಾರ್, ಪಾಪ, ನಿಮಗೂ ಸಾಕಾಗಿರುತ್ತೆ, ಥ್ಯಾಂಕ್ಸ್," ಎಂದಿದ್ದಳು. ಅವರ ಇಡೀ ಸರ್ವಿಸ್ಸಿನಲ್ಲಿ ಇಂಥದ್ದು ಇದೇ ಮೊದಲು! ಹೆಂಡತಿಗೆ ಹೇಳಬೇಕೆಂದು ಚಪ್ಪಲಿ ಕೂಡ ಬಿಡದೆ ಕೋಣೆಗೆ ನುಗ್ಗಿದರು. ಅವಳು ಮಗುವಿನ ಹಾಗೆ ಮಲಗಿದ್ದಳು. ಎಷ್ಟೋ ವರ್ಷಗಳಿಂದ ಹೊರಳಾಡುತ್ತಲೇ ಬೆಳಗು ಮಾಡುತ್ತಿದ್ದವಳು. ಎಬ್ಬಿಸಲು ಚಾಚಿದ ಕೈ ಹಿಂದಕ್ಕೆ ಬಂತು. ಕೊನೆಗೆ ಆ ಕಥೆಯನ್ನು ಅಡುಗೆಮನೆಗೆ ಹೋಗಿ ಫ್ರಿಜ್ಜಿಗೆ ಹೇಳಿದರು. ಅದು ಗುರ್ರೆಂದಿತು.

ಮಾರನೇ ದಿನ ಮೇಲಧಿಕಾರಿಗಳ ಮುಂದೆ ನಿಂತು, "ನನಗೆ ರಾತ್ರಿ ಪಾಳಿ ಕೊಡಿ ಸಾರ್," ಎಂದರು.

"ಎಲ್ರೂ ಬೇಡ ಅಂತ ಅಳ್ತಾರೆ, ನೀವು ಕೇಳಿ ಪಡೀತೀರಲ್ಲ? ಮನೇಲಿ ಜಗಳಾನಾ?"

"ಜಗಳ ಆಡೋಕೂ ಹೊತ್ತು ಸಿಗ್ತಿಲ್ಲ ಸಾರ್."

ಪಾಳಿ ಸಿಕ್ಕಿತು. ಮೊದಲ ರಾತ್ರಿ ದುಡಿದು ಮನೆಗೆ ಬಂದಾಗ ಪ್ಯಾನೆಲ್‌ಗಳ ಮೇಲೆ ಬಿಸಿಲು ಥಳಥಳಿಸುತ್ತಿತ್ತು. ಹಬೆಯಾಡುವ ನೀರಿನ ಸ್ನಾನ, ಹಬೆಯಾಡುವ ಊಟ. ಎದುರಿಗೆ ಕೂತ ಹೆಂಡತಿ ಆ ಥ್ಯಾಂಕ್ಸಿನ ಕಥೆಯನ್ನು ಎರಡು ಸಲ ಹೇಳಿಸಿಕೊಂಡು ಕೇಳಿದಳು. "ನಾನೂ ಒಂದಿನ ಹಾಗನ್ನಬೇಕಿತ್ತು ಅಲ್ವಾ?" ಎಂದು ಮೆಲ್ಲಗೆ ಇನ್ನೊಂದು ಸೌಟು ಬಡಿಸಿದಳು. ದೂರಪ್ಪ ಚಕ್ರವರ್ತಿಯಂತೆ ಫ್ಯಾನಿನಡಿ ಮಲಗಿದರು.

ಕಣ್ಣು ಹತ್ತುವಷ್ಟರಲ್ಲಿ ಫ್ಯಾನು ನಿಂತಿತು.

"ರೀ, ಏಳಿ! ಮೋಡ ಕವಿದು ಮೆಷಿನ್ ಅರ್ಧಕ್ಕೇ ನಿಂತೋಯ್ತು. ಮನೇಲಿರೋ ಹೊದಿಕೆಯೆಲ್ಲಾ ಸೋಪಿನ ನೀರಲ್ಲಿದೆ!"

ಚಕ್ರವರ್ತಿಗಳು ಪಂಚೆ ಎತ್ತಿಕಟ್ಟಿ ತಾರಸಿ ಹತ್ತಿದರು. ಹೊದಿಕೆಯ ಒಂದು ತುದಿ ಗಂಡನ ಕೈಲಿ, ಇನ್ನೊಂದು ಹೆಂಡತಿಯ ಕೈಲಿ. ತಾಯಿ ಕುರ್ಚಿ ಹಾಕಿಕೊಂಡು, "ಇನ್ನೊಂದು ಸುತ್ತು ತಿರುಚೋ, ನೀರು ಸುರೀತಿದೆ," ಎಂದು ಮೇಲ್ವಿಚಾರಣೆಗೆ ಕೂತರು. ಹೆಂಡತಿಗೆ ನಗು ತಡೆಯಲಾಗದೆ ತುದಿ ಜಾರಿ ದೂರಪ್ಪ ತೊಯ್ದು ತೊಪ್ಪೆಯಾದರು.

ಅವಳು ಒದ್ದೆ ಕೈಯನ್ನೇ ಫೋನಿನಂತೆ ಕಿವಿಗಿಟ್ಟುಕೊಂಡಳು. "ಹಲೋ, ದೂರು ವಿಭಾಗಾನಾ? ನಮ್ಮನೇಲಿ ಬಿಸಿಲು ಹೋಗಿದೆ. ಯಾವಾಗ ಬರುತ್ತೆ ಸಾರ್?"

ದೂರಪ್ಪ ಮೀಸೆಯ ನೀರು ಒರೆಸಿಕೊಂಡು, ಅಷ್ಟೇ ಗಂಭೀರವಾಗಿ, "ಕೆಲಸ ನಡೀತಿದೆ ಮೇಡಂ. ಸಹಕರಿಸಿ. ಇನ್ನು ಸ್ವಲ್ಪ ಹೊತ್ತಲ್ಲಿ ಬರುತ್ತೆ," ಎಂದರು.

ಗೋಡೆಯಾಚೆ ಪಕ್ಕದ ಮನೆಯವರ ವಾಷಿಂಗ್ ಮೆಷಿನ್ ಗಿರಗಿರನೆ ತಿರುಗುತ್ತಿತ್ತು. ತಾಯಿ ಅತ್ತ ಕಿವಿಗೊಟ್ಟು ಕೇಳಿ ಗುಡುಗಿದರು:

"ಸುಳ್ಳು ಹೇಳ್ಬೇಡ ಕಣೋ! ಪಕ್ಕದ ಮನೇಲಿ ಇದೆ, ನಮ್ಮನೇಲಿ ಮಾತ್ರ ಯಾಕಿಲ್ಲ?"