ಹೆಗಲು ಮುಟ್ಟಿಕೊಳ್ಳದ ಕಳ್ಳಿ

“ನನಗೆ ಚಿನ್ನ ಬೇಡ ನರ್ಸಮ್ಮ, ರೇಷ್ಮೆ ಬೇಡ. ಟೈಲರನ್ನ ಕಟ್ಟಿಕೊಂಡು ಮೂವತ್ತೊಂದು ವರ್ಷ ಆಯ್ತು, ಇವತ್ತಿಗೂ ನನ್ನ ಬಟ್ಟೆಯ ಗುಂಡಿ ಕಿತ್ತರೆ ನಾನೇ ಹೊಲಿದುಕೊಳ್ಳೋದು. ಅದಕ್ಕೂ ನಾನು ಅತ್ತವಳಲ್ಲ. ನನಗೆ ಬೇಕಾದ್ದು ಒಂದೇ ಒಂದು. ಒಂದು ಭಾನುವಾರ ಕೆರೆ ದಂಡೆಗೆ ಹೋಗಬೇಕು. ಅಲ್ಲಿ ಬಾತುಕೋಳಿ ಥರ ಒಂದು ದೋಣಿ ಇದೆಯಲ್ಲ, ಕಾಲಲ್ಲಿ ತುಳಿಯೋದು, ಅದರಲ್ಲಿ ಕೂತು ಒಂದು ಸುತ್ತು ಬರಬೇಕು. ಮುಗೀತು. ಹೋದ ವರ್ಷಕ್ಕೆ ಹಿಂದಿನ ಬೇಸಿಗೇಲಿ ಕೇಳಿದೆ, ‘ಕಾಯಿ’ ಅಂದರು. ಹೋದ ಬೇಸಿಗೇಲಿ ಕೇಳಿದೆ, ‘ಸ್ವಲ್ಪ ಕಾಯಿ’ ಅಂದರು. ಈ ಬೇಸಿಗೇಲಿ ಕೇಳಿದೆ, ಹಿತ್ತಲ ಕಡೆ ಬೆರಳು ತೋರಿಸಿ ‘ಕಾಯಿ!’ ಅಂದರು. ಹೋಗಿ ನೋಡ್ತೀನಿ, ನಿಜವಾಗಲೂ ಕಾಯಿ! ಕುಂಬಳಕಾಯಿ! ಎರಡು ವರ್ಷ ನಾನೊಬ್ಬಳೇ ಕಾದು ಬೇಜಾರಾಗಿರಬಹುದು ಅಂತ ಜೊತೆಗೆ ಒಂದು ಕಾಯೀನೂ ಬೆಳೆಸಿಟ್ಟಿದ್ದಾರೆ. ಅದರ ಸೊಂಟ ನಲವತ್ತು ಇಂಚು ಆಗೋವರೆಗೂ ಇವರು ಮನೆ ಬಿಟ್ಟು ಅಲುಗಲ್ಲವಂತೆ. ಅಲ್ಲ ನರ್ಸಮ್ಮ, ನನಗೆ ನಲವತ್ತು ವರ್ಷ ಆದಾಗ ಈ ಮನುಷ್ಯ ತಲೆ ಎತ್ತಿ ಕೂಡ ನೋಡಲಿಲ್ಲ!”

ಗೋಡೆಯ ಆಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆ ನರ್ಸಮ್ಮ “ಹುಂ” ಅಂದರು. (ಆಸ್ಪತ್ರೆಯಲ್ಲಿ ದಿನವಿಡೀ ಹತ್ತಾರು ಜನರ ನೋವಿಗೆ ಹುಂ ಅಂದು ಅಂದು ಅವರ ಹುಂಕಾರದಲ್ಲಿ ಅರ್ಧ ಔಷಧಿ ಇರುತ್ತಿತ್ತು.) ಅಷ್ಟಕ್ಕೇ ಟೈಲರಮ್ಮನಿಗೆ ಸ್ವಲ್ಪ ಹಾಯೆನಿಸಿತು. ಬೀದಿಯವರೆಲ್ಲ ಅವಳನ್ನು ಕರೆಯೋದು ಟೈಲರಮ್ಮ ಅಂತಲೇ. ಅವಳು ಸೂಜಿ ಹಿಡಿದರೆ ದಾರ ಒಂದು ಕಡೆ ಹೋಗುತ್ತಿತ್ತು, ಮನಸ್ಸು ಕೆರೆ ಕಡೆ ಹೋಗುತ್ತಿತ್ತು, ಆ ಮಾತು ಬೇರೆ.

ಇನ್ನು ಕುಂಬಳಕಾಯಿಯವರ ವಿಚಾರ. ಅವರು ಹಿತ್ತಲ ಮೂಲೆಯಲ್ಲಿ, ಒಣಹುಲ್ಲಿನ ಮೆತ್ತೆಯ ಮೇಲೆ, ಹಳೇ ಕೊಡೆಯ ನೆರಳಲ್ಲಿ ಚಕ್ರವರ್ತಿಯ ಹಾಗೆ ವಿರಾಜಮಾನರಾಗಿದ್ದರು. ಬೇಸಿಗೆ ರಜೆಯಲ್ಲಿ ಟೈಲರಿಗೆ ಕೆಲಸ ಕಮ್ಮಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕೊರಳಲ್ಲಿದ್ದ ಟೇಪು ಬಿಚ್ಚಿ ಕಾಯಿಯ ಸೊಂಟ ಅಳೆಯುತ್ತಿದ್ದರು. ಗಿರಾಕಿಗಳಿಗೆ ಹೇಳಿ ಹೇಳಿ ರೂಢಿಯಾದ ಮಾತು ಅಲ್ಲೂ ಬಾಯಿಗೆ ಬರುತ್ತಿತ್ತು: “ಉಸಿರು ಬಿಗಿ ಹಿಡೀಬೇಡಿ, ಆರಾಮಾಗಿ ನಿಂತ್ಕೊಳ್ಳಿ.” ಕಾಯಿ ಆರಾಮಾಗಿಯೇ ಇತ್ತು. ಮೂವತ್ತೆಂಟೂವರೆ ಇಂಚಿಗೆ ಬಂದು ಅಲ್ಲಿಗೇ ಸಾಕು ಅಂತ ಕೂತುಬಿಟ್ಟಿತ್ತು. ನಾಲ್ಕು ದಿನವಾದರೂ ಒಂದು ನೂಲೆಳೆಯಷ್ಟೂ ಮುಂದೆ ಹೋಗಲಿಲ್ಲ. ಟೈಲರು ಕಾಯಿಯನ್ನು ಅನುಮಾನಿಸಲಿಲ್ಲ, ಟೇಪು ಬಿಸಿಲಿಗೆ ಉದ್ದ ಆಗಿದೆ ಅಂದರು.

ಟೈಲರಮ್ಮನ ಸಂಕಟ ಇದ್ದದ್ದು ಇಲ್ಲೇ. ಸೋಮವಾರ ಶಾಲೆಯ ಯೂನಿಫಾರಂ ಬಟ್ಟೆಯ ಗಂಟುಗಳು ಬಂದು ಬೀಳುತ್ತವೆ. ಒಮ್ಮೆ ಬಂದವೆಂದರೆ ಮುಗಿಯಿತು, ಮಳೆ ಚಳಿ ಎಲ್ಲ ಕಳೆದು ಮುಂದಿನ ಬೇಸಿಗೆವರೆಗೆ ಭಾನುವಾರ ಅನ್ನೋದು ಆ ಮನೆಯ ಕ್ಯಾಲೆಂಡರಿನಲ್ಲಿ ಬರೀ ಕೆಂಪು ಮಸಿ. ಉಳಿದಿದ್ದ ಭಾನುವಾರ ಒಂದೇ, ನಾಳೆಯದು.

ಮನಸ್ಸಿನಲ್ಲಿ ಮಾತ್ರ ಅವಳು ದಿನಾ ಹೋಗಿ ಬರುತ್ತಿದ್ದಳು. ಒಲೆ ಮೇಲೆ ನೀರು ಕಾಯಲಿಕ್ಕಿಟ್ಟರೆ ಸಾಕು, ಏಳೋ ಹಬೆ ಕೆರೆಯ ಮೇಲಿನ ಮಂಜಾಗುತ್ತಿತ್ತು. ಕೈಯಲ್ಲಿದ್ದ ಸೌಟು ತನ್ನಷ್ಟಕ್ಕೇ ಹುಟ್ಟು ಹಾಕುತ್ತಿತ್ತು. ಅಡುಗೆಮನೆಯ ಕಿಟಕಿ ನಿಧಾನಕ್ಕೆ ಅಗಲವಾಗಿ, ಆಚೆ ಇದ್ದ ಎದುರುಮನೆ ಗೋಡೆ ಕರಗಿ, ನೀಲಿಯಾಗಿ, ಅಲೆಯಾಗಿ, ದೂರದಲ್ಲೊಂದು ಬಿಳಿ ಬಾತುಕೋಳಿ ಕತ್ತು ಎತ್ತಿಕೊಂಡು ಬರುವಷ್ಟರಲ್ಲಿ ಏನಾದರೊಂದು ಸೀಯುತ್ತಿತ್ತು. ಟೈಲರು ಊಟಕ್ಕೆ ಕೂತು ತಟ್ಟೆಯ ಕಡೆ ನೋಡಿ ಕೇಳುತ್ತಿದ್ದರು, “ಇವತ್ತು ಎಷ್ಟು ದೂರ ಹೋಗಿದ್ದೆ?”

“ಆಚೆ ದಡ.”

“ಗೊತ್ತಾಯ್ತು. ತಳ ಹಿಡಿದಿದೆ.”

ಶನಿವಾರ ಮಧ್ಯಾಹ್ನ. ಬಿಸಿಲು ಬೀದಿಯನ್ನು ಮಲಗಿಸಿ, ಮೇಲೊಂದು ಬಿಳೀ ದುಪ್ಪಟಿ ಹೊದಿಸಿದ ಹಾಗಿತ್ತು. ನಲ್ಲಿಯ ಹನಿ ಕೂಡ ಬೀಳಲೋ ಬೇಡವೋ ಅಂತ ಯೋಚನೆ ಮಾಡಿ ಬೀಳುತ್ತಿತ್ತು. ಟೈಲರು ಮುಂದಿನ ಕೋಣೆಯಲ್ಲಿ, ಹೊಲಿಗೆ ಮಿಷನ್ನಿನ ಮೇಲೆ ಕಾಲು ಚಾಚಿ, ಬಾಯಿ ತೆರೆದು ನಿದ್ದೆ ಹೋಗಿದ್ದರು. ಹಿತ್ತಲ ಬಾಗಿಲಲ್ಲಿ ನಿಂತ ಟೈಲರಮ್ಮನಿಗೆ ಒಂದು ಮಹಾ ಜ್ಞಾನೋದಯವಾಯಿತು. ಕಾಯಿ ಇದ್ದರೆ ತಾನೆ ಕಾಯೋದು? ಕಾಯೇ ಇಲ್ಲದಿದ್ದರೆ?

ಈಳಿಗೆಯಂಥ ದೊಡ್ಡದೇನೂ ಬೇಡ ಅಂತ ಅವಳು ತರಕಾರಿ ಹೆಚ್ಚೋ ಚಾಕು ತಗೊಂಡಳು. ತೊಟ್ಟು ಕತ್ತರಿಸಿದಳು. ಕಾಯಿಯನ್ನು ತಬ್ಬಿ ಎತ್ತಲು ನೋಡಿದಳು, ಅದು ತೆಕ್ಕೆಗೆ ಸಿಗಲಿಲ್ಲ. ಸೊಂಟಕ್ಕೆ ಇಟ್ಟಳು, ಸೊಂಟ ಬೇಡ ಅಂದಿತು. ಕಡೆಗೆ ಎಡ ಹೆಗಲ ಮೇಲೇರಿಸಿ, ಅದಕ್ಕಂಟಿಕೊಂಡು ಬಂದ ಬಳ್ಳಿಯ ತುಂಡನ್ನೂ ಎಲೆಯನ್ನೂ ಎಳೆದುಕೊಂಡು, ಹದಿನೇಳು ಹೆಜ್ಜೆ ನಡೆದು ಅಡುಗೆಮನೆ ಸೇರಿದಳು. ಮನೆಯಲ್ಲಿದ್ದ ಅತಿ ದೊಡ್ಡ ಪಾತ್ರೆಯಲ್ಲಿ ಚಕ್ರವರ್ತಿಗಳನ್ನು ಇಳಿಸಿದಳು. ಮುಚ್ಚಳ ಮುಚ್ಚಿದಳು. ಮುಚ್ಚಳದ ಮೇಲೆ ಒರಳುಕಲ್ಲಿನ ಗುಂಡು ಹೇರಿದಳು, ಕಾಯಿ ಎದ್ದು ಓಡಿಹೋದೀತು ಅನ್ನೋ ಹಾಗೆ. ಯಾರೋ ಕದ್ದರು ಅಂದರಾಯಿತು. ಇವರು ಒಂದು ಗಳಿಗೆ ಕೂಗಾಡುತ್ತಾರೆ, ಸಂಜೆಗೆ ತಣ್ಣಗಾಗುತ್ತಾರೆ, ನಾಳೆ ದೋಣಿ.

ಸಂಜೆ ಅಳತೆಗೆ ಹೋದ ಟೈಲರು ಹಾಕಿದ ಕೂಗಿಗೆ ಎದುರುಮನೆ ಕಂಡಕ್ಟರ್ ಮಾವ ಚಪ್ಪಲಿ ಇಲ್ಲದೆ ಓಡಿ ಬಂದರು. (ಬಸ್ಸಿನ ಕೆಲಸದಿಂದ ನಿವೃತ್ತಿಯಾಗಿ ಆರು ವರ್ಷ. ಈಗಲೂ ಯಾರ ಮನೆಗೆ ಹೋದರೂ ಮೊದಲು ಎಷ್ಟು ಜನ ಇದ್ದಾರೆ ಅಂತ ಎಣಿಸುತ್ತಾರೆ.) ನರ್ಸಮ್ಮ, ಯಾರಿಗೋ ಹೃದಯ ನಿಂತಿತು ಅಂತ, ನಾಡಿ ಹಿಡಿಯೋದಕ್ಕೆ ಸಿದ್ಧವಾಗಿ ಬಂದರು.

“ಹೋಯ್ತು! ಮೂವತ್ತೆಂಟೂವರೆ ಇಂಚು ಹೋಯ್ತು!” ಟೈಲರು ಒಣಹುಲ್ಲಿನ ಮೆತ್ತೆಯಲ್ಲಿ ಬಿದ್ದಿದ್ದ ಗುಂಡಿಯನ್ನು ಅಳೆಯುತ್ತಾ ಅಂದರು.

“ಅಯ್ಯೋ, ಯಾವ ಕೈಗೆ ಹೀಗೆ ಮನಸ್ಸು ಬಂತೋ!” ಅಂದಳು ಟೈಲರಮ್ಮ, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು.

“ಬಳ್ಳೀಲಿ ಇನ್ನೂ ಎರಡು ಹೀಚು ಇವೆ ಕಣೇ. ಕಳ್ಳ ರುಚಿ ನೋಡಿದ್ದಾನೆ, ನಾಳೆ ಅದಕ್ಕೂ ಬರ್ತಾನೆ. ನಾಳೆ ಬೆಳಿಗ್ಗೆಯಿಂದ ಸಂಜೆವರೆಗೆ ದೊಣ್ಣೆ ಹಿಡ್ಕೊಂಡು ನಾನು ಇಲ್ಲೇ ಕೂರೋದು. ಯಾರು ಕರೆದರೂ ಬರಲ್ಲ.”

ಒಂದು ಕಾಯಿ ಹೋಗಿ ಎರಡು ಕಾಯಿಯಾಯಿತು. ಬಾತುಕೋಳಿ ಕತ್ತು ತಿರುಗಿಸಿಕೊಂಡು ಆಚೆ ದಡಕ್ಕೆ ಹೊರಟೇಹೋಯಿತು.

ಅದೇ ಹೊತ್ತಿಗೆ ಅವಳ ಎಡ ಹೆಗಲಲ್ಲಿ ನವೆ ಶುರುವಾಯಿತು. ಕುಂಬಳದ ಬಳ್ಳಿ ಹೊತ್ತವರಿಗೆ ಗೊತ್ತು. ಅದರ ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಮುಳ್ಳುಗಳಿರುತ್ತವೆ, ಬೆವರು ತಾಗಿದ ಮೇಲೆ ಅವು ತಮ್ಮ ಪ್ರತಾಪ ತೋರಿಸುತ್ತವೆ. ಅವಳು ಇನ್ನೇನು ಬಲಗೈ ಎತ್ತಬೇಕು, ಕಂಡಕ್ಟರ್ ಮಾವ ಗಂಟಲು ಸರಿಮಾಡಿಕೊಂಡು ಅಂದರು:

“ಪೊಲೀಸು ಗಿಲೀಸು ಏನೂ ಬೇಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಹಿರಿಯರು ಸುಮ್ಮನೆ ಹೇಳಿಲ್ಲ. ಈ ಬೀದೀಲಿ ಯಾರು ಹೆಗಲು ಮುಟ್ಟಿಕೊಳ್ತಾರೋ ನೋಡ್ತಾ ಇರೋಣ.”

ಎತ್ತಿದ ಕೈಯನ್ನು ಟೈಲರಮ್ಮ ನೊಣ ಓಡಿಸಿದ ಹಾಗೆ ಮಾಡಿ ಇಳಿಸಿದಳು. (ನೊಣ ಇರಲಿಲ್ಲ.) ನವೆಗೆ ಗಾದೆ ಗೀದೆ ತಿಳಿಯದು, ಅದು ಕತ್ತಿನ ಕಡೆ ಒಂದು ಕವಲು, ಬೆನ್ನಿನ ಕಡೆ ಒಂದು ಕವಲು ಒಡೆಯಿತು. ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು.

“ಸುಸ್ತಾಯ್ತಾ?” ಅಂದರು ನರ್ಸಮ್ಮ.

“ಇಲ್ಲ. ಚೌಕಟ್ಟು ಗಟ್ಟಿ ಇದೆಯಾ ಅಂತ ನೋಡ್ದೆ.”

“ಕಣ್ಣಲ್ಲಿ ನೀರು ಬರ್ತಿದೆ?”

“ಕಾಯಿ ನೆನಪಾಗಿ.”

ಹಲ್ಲು ಕಚ್ಚಿದಳು, ಉಗುರು ಒತ್ತಿದಳು, ಕಾಲ್ಬೆರಳು ಮಡಿಸಿದಳು. ಮನಸ್ಸಿನೊಳಗೆ ಹತ್ತು ಕೈಯಲ್ಲಿ ಹೆಗಲು ಪರಚಿಕೊಂಡಳು. ಹೊರಗೆ ಮಾತ್ರ ಕಲ್ಲಿನ ಬೊಂಬೆ. ಕಡೆಗೆ ಆ ಇಬ್ಬರೂ, “ಸಿಗ್ತಾನೆ ಬಿಡಿ, ಎಲ್ಲಿ ಹೋಗ್ತಾನೆ” ಅಂತ ಸಮಾಧಾನ ಹೇಳಿ ಹೊರಟರು. ಗೆದ್ದೆ ಅಂದುಕೊಂಡಳು ಟೈಲರಮ್ಮ.

ಟೈಲರು ಬಾಗಿಲು ಹಾಕಿದರು. ಕೊರಳಿನ ಟೇಪು ತೆಗೆದರು.

“ಲೇ, ಇಲ್ಲಿ ಬಾ. ನೆಟ್ಟಗೆ ನಿಲ್ಲು.”

“ಯಾಕ್ರೀ?”

“ನಿನಗೂ ಒಂದು ಬಟ್ಟೆ ಹೊಲಿಯೋಣ ಅಂತ.”

ಮೂವತ್ತೊಂದು ವರ್ಷದಲ್ಲಿ ಮೊದಲನೇ ಸಲ! ಅವಳು ಸಂಕೋಚದಿಂದ ನಿಂತಳು. ಟೈಲರು ಬೆನ್ನ ಹಿಂದೆ ನಿಂತು ಈ ಹೆಗಲಿಂದ ಆ ಹೆಗಲಿಗೆ ಟೇಪು ಹಿಡಿದರು, ಒಂದು ಕಣ್ಣು ಮುಚ್ಚಿ ನೋಡಿದರು.

“ಎಡ ಹೆಗಲು ಅರ್ಧ ಇಂಚು ಮೇಲಿದೆ.”

“ಹುಟ್ಟಿನಿಂದ ಹಾಗೇ ಇರಬೇಕು.”

“ಬೆಳಿಗ್ಗೆ ಇರಲಿಲ್ಲ. ಕೇಳು, ಜನರ ಹೆಗಲು ನೋಡಿಯೇ ನಾನು ಬದುಕಿದ್ದು. ಮಾವ ಆ ಗಾದೆ ಹೇಳಿದರಲ್ಲ, ಹೇಳ್ತಾ ಹೇಳ್ತಾ ಅವರದೇ ಕೈ ಅವರ ಹೆಗಲಿಗೆ ಹೋಯ್ತು. ನರ್ಸಮ್ಮ ಬೆವರು ಒರೆಸೋ ನೆಪದಲ್ಲಿ ಮುಟ್ಟಿಕೊಂಡರು. ಕಾಯಿ ಕಳಕೊಂಡ ನಾನೇ ಒಂದು ಸಲ ಮುಟ್ಟಿ ನೋಡಿಕೊಂಡೆ. ಆ ಮಾತು ಕೇಳಿದರೆ ಯಾರ ಕೈಯಾದರೂ ಹೋಗುತ್ತೆ ಕಣೇ. ಹೋಗದೆ ಇದ್ದದ್ದು ಒಂದೇ ಒಂದು ಕೈ.”

ಟೈಲರಮ್ಮನ ಕಟ್ಟೆ ಒಡೆಯಿತು. “ಕೆರೀರಿ!” ಅಂತ ಚೀರಿದಳು. “ಮೊದಲು ಕೆರೀರಿ, ಆಮೇಲೆ ಬಯ್ಯೀರಂತೆ! ಬೆನ್ನಿಗೆ ಕೈ ಎಟುಕ್ತಾ ಇಲ್ಲ!”

ಟೈಲರು ಬಟ್ಟೆ ಅಳೆಯೋ ಮರದ ಪಟ್ಟಿ ತಗೊಂಡು ಹೆಗಲಿನ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎಳೆದರು. “ಎರಡು ವರ್ಷದಿಂದ ಕೆರೆ ಕೆರೆ ಅಂತಿದ್ದೆಯಲ್ಲ, ತಗೋ, ಕೆರೆದೆ. ತೃಪ್ತಿ ಆಯ್ತಾ?”

“ಇದಲ್ಲ ಆ ಕೆರೆ... ಇನ್ನೂ ಸ್ವಲ್ಪ ಎಡಕ್ಕೆ... ಅಲ್ಲೇ, ಅಲ್ಲೇ... ನೀರಿರೋ ಕೆರೆ!”

ಹಣೆಬರಹವೋ ಏನೋ, ಟೈಲರಿಗೆ ನಗು ಬಂತು. ನಕ್ಕ ಗಂಡಸು ಸೋತ ಹಾಗೆ. ಕೆರೆಗೆ ಹೋಗೋದು ಅಂತಾಯಿತು. ಆದರೆ ಶಿಕ್ಷೆ ಇಲ್ಲದೆ ಬಿಡಲಿಲ್ಲ: ಬೀದಿಯವರನ್ನು ಬರಿಗಾಲಲ್ಲಿ ಓಡಿಸಿದ್ದಕ್ಕೆ ಮಾವನಿಗೂ ನರ್ಸಮ್ಮನಿಗೂ ನಡೆದದ್ದು ಹೇಳಿ ಜೊತೆಗೆ ಕರೆಯಬೇಕು, ಮೂವತ್ತೆಂಟೂವರೆ ಇಂಚನ್ನೂ ಕಳ್ಳಿಯೇ ಹೆಚ್ಚಿ, ಬೇಯಿಸಿ, ಹೊತ್ತು ತರಬೇಕು.

ಅವಳು ಕೋಳಿ ಕೂಗೋದಕ್ಕೆ ಮುಂಚೆ ಎದ್ದಳು. ಎದ್ದಳು ಅನ್ನೋದಕ್ಕಿಂತ ಮಲಗಲೇ ಇಲ್ಲ ಅನ್ನಬೇಕು. ದೋಣಿಯ ಯೋಚನೆ ಒಂದು ಕಡೆ, ಹೆಗಲು ಒಂದು ಕಡೆ. ಸಿಪ್ಪೆ ತೆಗೆದು ತೆಗೆದು ಹೆಬ್ಬೆರಳು ಮರಗಟ್ಟಿತು. ಅರ್ಧ ಖಾರ ಹಾಕಿ ಹುರಿದಳು, ಅರ್ಧ ಸಕ್ಕರೆ ಹಾಕಿ ಕುದಿಸಿದಳು, ಬೀಜವನ್ನೂ ಬಿಡದೆ ಉಪ್ಪು ಸವರಿ ಬಾಡಿಸಿದಳು. ರೊಟ್ಟಿ ನಲವತ್ತು.

ಕೆರೆ ಅವಳು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು. ದಂಡೆಯ ದೊಡ್ಡ ಮರ ತನ್ನ ನೆರಳನ್ನು ಅರ್ಧ ನೆಲಕ್ಕೆ, ಅರ್ಧ ನೀರಿಗೆ ಹಾಸಿತ್ತು. ಬಾತುಕೋಳಿ ದೋಣಿ ಬಿಳೀ ಕತ್ತು ತೂಗುತ್ತಾ ಇವಳ ಕಡೆಗೇ ನೋಡುತ್ತಿತ್ತು. ಮೊದಲು ಊಟ, ಆಮೇಲೆ ದೋಣಿ, ಅಂದರು ಕಂಡಕ್ಟರ್ ಮಾವ. ಎಲ್ಲರಿಗೂ ಬಡಿಸಿದಳು. “ಕದ್ದ ಕಾಯಿಗೆ ಎಂಥಾ ರುಚಿ!” ಅಂತ ನರ್ಸಮ್ಮ ಮೂರು ಸಲ ಹಾಕಿಸಿಕೊಂಡರು. ಕೈ ತೊಳೆದು ಬಂದು ಟೈಲರಮ್ಮ ಚೀಲದ ಮೇಲೆ ತಲೆ ಇಟ್ಟಳು. ಒಂದೇ ಒಂದು ನಿಮಿಷ.

ನೀರಿನಿಂದ ತಣ್ಣನೆ ಗಾಳಿ ಬಂತು. ಎಲೆಗಳ ಸಂದಿನಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಕೆನ್ನೆ ಮೇಲೆ ಆಡಿತು. ಆಮೇಲೆ ಅವಳು ಅಡುಗೆಮನೆಯಲ್ಲಿದ್ದಳು. ಒಲೆ ಮೇಲೆ ಪಾತ್ರೆ, ಪಾತ್ರೆಯಲ್ಲಿ ಕುಂಬಳಕಾಯಿ, ಎಷ್ಟು ತಿರುವಿದರೂ ಬೇಯದು. ನೆಲದ ತುಂಬ ಮೊಣಕಾಲುದ್ದ ನೀರು. ಬಾಗಿಲಿಂದ ಬಾತುಕೋಳಿ ದೋಣಿ ತೇಲಿ ಬಂತು. ಅದರೊಳಗೆ ಟೈಲರು, ಮಾವ, ನರ್ಸಮ್ಮ. “ಬಾರೇ, ಹತ್ತು” ಅಂದರು. “ಸ್ವಲ್ಪ ಜಾಗ ಇದೆ, ಒಳಗೆ ಸರಿದುಕೊಳ್ಳಿ” ಅಂದರು ಮಾವ. ಅವಳಿಗೆ ರೇಗಿತು. ಕೆಲಸದ ಹೊತ್ತಲ್ಲಿ ಇವರದ್ದೊಂದು!

ಕಣ್ಣು ಬಿಟ್ಟಾಗ ಬಿಸಿಲು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ದೋಣಿಯವನು ಬಾತುಕೋಳಿಯ ಕೊರಳಿಗೆ ಸರಪಳಿ ಹಾಕಿ ಬೀಗ ಜಡಿಯುತ್ತಿದ್ದ.

“ಅಯ್ಯೋ! ಎಬ್ಬಿಸಬಾರದಾಗಿತ್ತಾ?”

“ಎಬ್ಬಿಸಿದೆ ಕಣೇ,” ಅಂದರು ಟೈಲರು. “‘ಒಲೆ ಮೇಲೆ ಇಟ್ಟಿದ್ದೀನಿ, ಸೀದುಹೋಗುತ್ತೆ, ನೀವು ಹೋಗಿಬನ್ನಿ’ ಅಂತ ನೀನೇ ಅಂದೆ.”

“ಎರಡನೇ ಸಲ ನಾನು ಎಬ್ಬಿಸಿದೆ,” ಅಂದರು ನರ್ಸಮ್ಮ. “ಉಪ್ಪು ಸಾಕಾ ಅಂತ ಕೇಳಿದಿರಿ. ಸಾಕು ಅಂದೆ.”

“ನನ್ನ ಕೈಗೆ ಒಂದೇಟು ಕೊಟ್ಟಿರಿ,” ಅಂದರು ಮಾವ, ಮುಂಗೈ ಸವರಿಕೊಳ್ಳುತ್ತಾ. “ಸೌಟು ಮುಟ್ಟಬೇಡಿ ಅಂತ.”

ಬಸ್ಸಿಳಿದು ಮನೆಗೆ ಬಂದವಳೇ ಟೈಲರಮ್ಮ ದೊಡ್ಡ ಪಾತ್ರೆಯನ್ನು ಹಿತ್ತಲ ಕಲ್ಲಿನ ಹತ್ತಿರ ಉರುಳಿಸಿಕೊಂಡು ಹೋಗಿ ತಳಕ್ಕೆ ಹಿಡಿದಿದ್ದ ಸಕ್ಕರೆಯನ್ನು ನೆನೆಹಾಕಿದಳು. ಟೈಲರು ಬಕೆಟ್ಟಿನಲ್ಲಿ ನೀರು ತಂದು ಪಕ್ಕದಲ್ಲಿಟ್ಟರು, ಇಟ್ಟು ಹೋಗಲಿಲ್ಲ, ಅಲ್ಲೇ ನಿಂತರು.

ಸ್ವಲ್ಪ ಹೊತ್ತು ಉಜ್ಜಿದ ಮೇಲೆ ಅವಳೇ ಕೇಳಿದಳು, “ಹೇಗಿತ್ತು?”

“ಏನು?”

“ದೋಣಿ.”

ಟೈಲರು ಮಾತಿನ ಮನುಷ್ಯರಲ್ಲ. ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಶುರು ಮಾಡಿದರು. “ದಡದ ಹತ್ತಿರ ನೀರು ಇಸ್ತ್ರಿ ಮಾಡಿದ ಹಾಗಿತ್ತು. ಒಳಗೆ ಹೋದ ಹಾಗೆ ನೆರಿಗೆ, ಸಣ್ಣ ಸಣ್ಣ ನೆರಿಗೆ, ಒಂದೂ ಓರೆ ಇಲ್ಲ. ಬಣ್ಣ ಒಂದೇ ಅಲ್ಲ ಕಣೇ, ಎರಡು ನೀಲಿ, ಜೋಡಣೆ ಎಲ್ಲಿ ಅಂತ ಗೊತ್ತೇ ಆಗಲ್ಲ. ಆಚೆ ದಡದಲ್ಲಿ ಬಿಸಿಲು ಬಿದ್ದ ಕಡೆ ಉದ್ದಕ್ಕೂ ಜರಿ ಅಂಚು.”

ಅವಳ ಕೈ ನಿಂತಿತ್ತು. “ಹುಂ. ಆಮೇಲೆ?”

“ಆಮೇಲೆ ಏನು, ಮೊಣಕಾಲು ಹಿಡ್ಕೊಳ್ತು. ತಿರುಗಿಸಿದ್ವಿ.”

“ನಿಧಾನಕ್ಕೆ ತಿರುಗಿಸಬಾರದಾಗಿತ್ತಾ?” ಅಂದಳು ಟೈಲರಮ್ಮ. ಬಕೆಟ್ಟಿನ ನೀರು ಸುರಿದು ಪಾತ್ರೆ ಗಲಬರಿಸಿ ಚೆಲ್ಲಿ, ಬೋರಲು ಹಾಕಿ, ಮುಚ್ಚಳ ಉಜ್ಜತೊಡಗಿದಳು.