ಹೌದಪ್ಪನ ಮೂರು ಬ್ಯಾಂಕು

ಎಲ್ಲದಕ್ಕೂ ಕಾರಣ ಕ್ಷೌರದ ಕತ್ತಿ. ಕತ್ತಿ ಹಿಡಿದವನು ಗಿರಾಕಿಯ ಜೊತೆ ವಾದ ಮಾಡಬಾರದು ಎಂದು ಅಪ್ಪ ಕೆಲಸ ಕಲಿಸುವಾಗಲೇ ಹೇಳಿದ್ದರು. "ಅವರ ಕತ್ತು ನಮ್ಮ ಕೈಲಿರುತ್ತೆ ಮಗ. ಆಗ ನಾವು ಇಲ್ಲ ಅಂದ್ರೆ ಅವರ ಜೀವ ಝಲ್ ಅನ್ನುತ್ತೆ. ಏನೇ ಹೇಳಲಿ, ಹೌದು ಅನ್ನು." ಮಗ ಆ ಮಾತನ್ನು ಕತ್ತಿಗಿಂತ ಚೆನ್ನಾಗಿ ಮಸೆದು ಇಟ್ಟುಕೊಂಡ. ಮಳೆ ಬರುತ್ತೆ ಎಂದವರಿಗೂ ಹೌದು, ಬರೋದಿಲ್ಲ ಎಂದವರಿಗೂ ಹೌದು. ಬೀದಿಯವರು ಅವನ ನಿಜ ಹೆಸರು ಮರೆತು ಹೌದಪ್ಪ ಎಂದು ಕರೆಯತೊಡಗಿದರು. ಅದಕ್ಕೂ ಅವನು ಹೌದು ಎಂದ.

ಈಗ ಹೌದಪ್ಪ ಹೆಂಡತಿಯೊಂದಿಗೆ ಸಮುದ್ರದಾಚೆಗೆ ಹೊರಟಿದ್ದ. ಹೆಂಡತಿಯ ತಮ್ಮ ಅಲ್ಲಿ ದರ್ಜಿ. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಈ ಅಕ್ಕನೇ. ಅವನ ಅಂಗಡಿಯ ಪಕ್ಕದ ಮಳಿಗೆ ಖಾಲಿಯಾಗಿತ್ತು. "ನಾನು ಬಟ್ಟೆ ಕತ್ತರಿಸ್ತೀನಿ, ಭಾವ ಕೂದಲು ಕತ್ತರಿಸ್ಲಿ, ರಾತ್ರಿ ಮೂವರೂ ಒಟ್ಟಿಗೆ ಊಟ ಮಾಡೋಣ ಅಕ್ಕ," ಎಂದಿದ್ದ. ಮಳಿಗೆಯ ಮುಂಗಡ ಇವತ್ತು ಸಂಜೆಯೊಳಗೆ ಅಲ್ಲಿಗೆ ಸೇರಬೇಕು. ಸೇರದಿದ್ದರೆ ಮಳಿಗೆ ಬೇರೆಯವರಿಗೆ. ಮಳಿಗೆಯಿಲ್ಲದೆ ಹೌದಪ್ಪನಿಗೆ ಆ ದೇಶದಲ್ಲಿ ಕಾಲಿಡುವ ಪರವಾನಗಿಯೂ ಇಲ್ಲ.

ಹಣವೇನೋ ಇತ್ತು. ಯಾವ ಬ್ಯಾಂಕಿನಿಂದ ಕಳಿಸುವುದು ಎನ್ನುವುದೇ ಕಷ್ಟವಾಗಿತ್ತು. ಏಕೆಂದರೆ ಬೀದಿಯ ಮೂರು ಬ್ಯಾಂಕಿನವರೂ ಅವನ ಕುರ್ಚಿಯಲ್ಲಿ ಕೂತು ತಲೆ ಕೊಟ್ಟವರು.

ಗಡಿಯಾರದ ಬ್ಯಾಂಕಿನ ಮ್ಯಾನೇಜರು ಮೀಸೆಯವರು. ಆ ಬ್ಯಾಂಕಿನ ಬಾಗಿಲ ಮೇಲಿನ ದೊಡ್ಡ ಗಡಿಯಾರ ನಿಂತು ಎಷ್ಟೋ ವರ್ಷವಾಗಿತ್ತು, ಮೀಸೆ ಮಾತ್ರ ಬೆಳೆಯುತ್ತಲೇ ಇತ್ತು. ಹೌದಪ್ಪನ ಉಳಿತಾಯವೆಲ್ಲ ಮದುವೆಯಾದಾಗಿನಿಂದ ಅಲ್ಲೇ ಇತ್ತು. ಎದುರಿಗೆ ಹೊಸದಾಗಿ ಬಂದದ್ದು ಗಾಜಿನ ಬ್ಯಾಂಕು. ಅದರ ತರುಣ ಆಫೀಸರ ತಲೆಯ ಕೂದಲು ವಾರಕ್ಕೊಂದು ದಿಕ್ಕಿಗೆ ನಿಲ್ಲುತ್ತಿತ್ತು. ಮೂರನೆಯದು ಮಹಡಿ ಮೇಲಿನ ಸಹಕಾರಿ ಬ್ಯಾಂಕು. ಅದರ ಕಾರ್ಯದರ್ಶಿಗೆ ತಲೆಯಲ್ಲಿ ಕೂದಲೇ ಇರಲಿಲ್ಲ. ಆದರೂ ತಿಂಗಳಿಗೊಮ್ಮೆ ತಪ್ಪದೆ ಬಂದು ಕೂರುವರು. ಹೌದಪ್ಪ ಅವರಿಗೆ ಬಿಳಿ ಬಟ್ಟೆ ಹೊದಿಸಿ, ನೀರು ಚಿಮುಕಿಸಿ, ಗಾಳಿಯಲ್ಲೇ ಕತ್ತರಿ ಆಡಿಸುತ್ತಿದ್ದ. "ಹಿಂದುಗಡೆ ಸ್ವಲ್ಪ ಉದ್ದ ಬಿಡಪ್ಪ," ಎಂದರೆ "ಹೌದು ಸಾರ್," ಎಂದು ಅಲ್ಲಿ ಕತ್ತರಿಯ ಸದ್ದು ಕಡಿಮೆ ಮಾಡುತ್ತಿದ್ದ. ಕಾಸು ಬೇಡವೆಂದರೂ ಅವರು ಕೊಡುವುದು ಬಿಡಲಿಲ್ಲ.

ಮೂವರೂ ಬೇರೆ ಬೇರೆ ದಿನ ಅದೇ ಕುರ್ಚಿಯಲ್ಲಿ ಅದೇ ಮಾತು ಕೇಳಿದ್ದರು: "ನಮ್ಮ ಬ್ಯಾಂಕಿಂದಲೇ ಕಳಿಸ್ತೀಯ ತಾನೇ?" ಮೂವರ ಕತ್ತಿನ ಮೇಲೂ ಕತ್ತಿಯಿತ್ತು. ಉತ್ತರ ಹೇಳಬೇಕಾಗಿಲ್ಲ.

ಇವತ್ತು ಬೆಳಿಗ್ಗೆ ಹೌದಪ್ಪ ಅಂಗಡಿಯನ್ನು ಕೊನೆಯ ಸಲ ಗುಡಿಸಿದ. ಅಪ್ಪನ ಕಾಲದ ಕುರ್ಚಿಯನ್ನು ಕೊಳ್ಳುವವರು ಸಿಕ್ಕಿರಲಿಲ್ಲ. ಅದರ ಸುತ್ತ ನೆಲದಲ್ಲೊಂದು ತಗ್ಗು ಬಳಸಿ ಹೋಗಿತ್ತು. ಅರ್ಧ ಅಪ್ಪನ ಪಾದ ಸವೆಸಿದ್ದು, ಅರ್ಧ ತನ್ನದು. ಗೋಡೆಗೆ ಸೋಪಿನ ವಾಸನೆ ಹಿಡಿದಿತ್ತು. ಸ್ವಲ್ಪ ಹೊತ್ತು ಆ ತಗ್ಗಿನಲ್ಲಿ ಸುಮ್ಮನೆ ನಿಂತ.

"ನಿಂತ್ಕೊಂಡ್ರೆ ಆಯ್ತಾ?" ಹೆಂಡತಿ ಪರದೆಯ ಹಿಂದಿನಿಂದ ಕೂಗಿದಳು. ಅಂಗಡಿಯ ಹಿಂದೆಯೇ ಅವರ ಮನೆ. "ಬ್ಯಾಂಕಿಗೆ ಹೋಗಿ. ಯಾವ ಬ್ಯಾಂಕು?"

"ಹೌದು," ಎಂದ.

"ಹೌದು ಅನ್ನೋ ಬ್ಯಾಂಕು ಎಲ್ಲಿದೆ ರೀ?"

ಯಾರ ಕಣ್ಣಿಗೂ ಬೀಳದಂತೆ ಹಿತ್ತಲ ಗಲ್ಲಿಯಿಂದ ಹೊರಟ. ಗಲ್ಲಿಯ ಕೊನೆಯಲ್ಲೇ ಗಾಜಿನ ಬ್ಯಾಂಕಿನ ಆಫೀಸರು ಟೀ ಕುಡಿಯುತ್ತ ನಿಂತಿದ್ದರು. "ಅಂಕಲ್! ನಿಮಗೇ ಕಾಯ್ತಿದ್ದೆ!" ಎಂದು ಹೆಗಲಿಗೆ ಕೈಹಾಕಿ ಒಳಗೆ ಕರೆದುಕೊಂಡು ಹೋಗಿ ಒಂದು ಸೋಫಾದಲ್ಲಿ ಕೂರಿಸಿದರು. ಅದು ಎಂಥ ಸೋಫಾ ಎಂದರೆ ಕೂತವನು ಕೆಸರಿಗೆ ಬಿದ್ದ ಎಮ್ಮೆಯಂತೆ ಇಳಿಯುತ್ತಲೇ ಹೋಗುವನು. ಮೊಣಕಾಲು ಗಲ್ಲಕ್ಕೆ ಬಂದ ಮೇಲೆ ಹೌದಪ್ಪನಿಗೆ ಹೊಳೆಯಿತು: ಗಾಜಿನ ಬ್ಯಾಂಕಿಗೆ ಗೋಡೆಯೇ ಇಲ್ಲ! ಇಡೀ ಬೀದಿ ಅವನನ್ನು ನೋಡುತ್ತಿತ್ತು.

ಎದುರು ಬಾಗಿಲಿನಿಂದ ಮೀಸೆ ಮ್ಯಾನೇಜರೂ ನೋಡಿದರು.

"ಏನಪ್ಪ ಹೌದಪ್ಪ," ಎನ್ನುತ್ತ ಒಳಗೆ ಬಂದರು. "ದಾರಿ ತಪ್ಪಿದೆಯಾ? ನಮ್ಮದು ಆ ಕಡೆ."

"ಹೌದು ಸಾರ್."

"ಅಂಕಲ್, ನಮ್ಮಲ್ಲೇ ಅಂತ ಹೇಳಿದ್ರಲ್ಲ?" ಆಫೀಸರ ಮುಖ ಬಾಡಿತು.

"ಹೌದು ಸಾರ್."

ಅಷ್ಟರಲ್ಲಿ ಬೋಳುತಲೆಯ ಕಾರ್ಯದರ್ಶಿ ಮಹಡಿ ಇಳಿದು ಏದುಸಿರು ಬಿಡುತ್ತ ಬಂದರು. "ನಾಲಿಗೆಗೆ ಮೂಳೆ ಇಲ್ಲ ಅನ್ನೋದು ನಿಜ ಕಣಯ್ಯ! ಮೊನ್ನೆ ತಾನೇ ನನ್ನ ಕೂದಲು ಕತ್ತರಿಸ್ತಾ ಮಾತು ಕೊಟ್ಟೆಯಲ್ಲ!"

"ಯಾವ ಕೂದಲು?" ಎಂದುಬಿಟ್ಟರು ಮೀಸೆಯವರು.

ಅಲ್ಲಿಂದ ಮಾತು ಬ್ಯಾಂಕು ಬಿಟ್ಟು ಮೀಸೆಗೂ ಬೋಳಿಗೂ ತಿರುಗಿತು. ಒಬ್ಬರು ಹೌದಪ್ಪನ ಬಲಗೈ ಎಳೆದರೆ ಇನ್ನೊಬ್ಬರು ಎಡಗೈ ಎಳೆದರು. ಎತ್ತು ಏರಿಗೆ ಕೋಣ ನೀರಿಗೆ ಎಂಬಂತೆ ಎಳೆದಾಡಿದರೂ ಆ ಸೋಫಾ ಅವನನ್ನು ಬಿಟ್ಟುಕೊಡಲಿಲ್ಲ. ಗಾಜಿನಾಚೆ ಜನ ಸೇರಿದರು. ಒಬ್ಬಾಕೆ ಮಗುವನ್ನು ಎತ್ತಿ ತೋರಿಸಿದಳು. ಇಷ್ಟರ ನಡುವೆಯೂ ಆಫೀಸರು ಒಂದು ಲೋಟ ನೀರು ತಂದು ಹೌದಪ್ಪನ ಬಾಯಿಗೆ ಹಿಡಿದರು, ಅವನ ಎರಡು ಕೈಗೂ ಪುರುಸೊತ್ತಿರಲಿಲ್ಲವಲ್ಲ.

ಗುಂಪು ಸೀಳಿಕೊಂಡು ಬಂದವಳು ಹೆಂಡತಿ. ಒಂದೇ ಎಳೆತಕ್ಕೆ ಗಂಡನನ್ನು ಸೋಫಾದಿಂದ ಕಿತ್ತಳು.

"ದುಡ್ಡು ಎಲ್ಲಿದೆಯೋ ಅಲ್ಲಿಂದ ಹೋಗುತ್ತೆ. ನಡೀರಿ ಗಡಿಯಾರದ ಬ್ಯಾಂಕಿಗೆ," ಎಂದಳು. ಮಿಕ್ಕವರತ್ತ ತಿರುಗಿ, "ತಪ್ಪು ತಿಳ್ಕೋಬೇಡಿ ಅಣ್ಣ. ಇವರಿಗೆ ಇಲ್ಲ ಅನ್ನೋ ಪದ ಬರಲ್ಲ, ಅದೊಂದು ಕಾಯಿಲೆ," ಎಂದಳು.

ಮೀಸೆ ಮ್ಯಾನೇಜರು ತಾವೇ ಕಾಗದ ತುಂಬಿಸಿದರು, ತಾವೇ ಮುದ್ರೆ ಒತ್ತಿದರು, ಹೌದಪ್ಪನ ಹೆಂಡತಿಗೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿದರು. ಆಮೇಲೆ ಮುಂದಕ್ಕೆ ಬಾಗಿ ಹೌದಪ್ಪನಿಗೆ ಏನೋ ವಿವರವಾಗಿ ಹೇಳತೊಡಗಿದರು. ಆದರೆ ಹೌದಪ್ಪನ ಕಣ್ಣು ಅವರ ಮೀಸೆಯಲ್ಲಿ ಸಿಕ್ಕಿಕೊಂಡಿತ್ತು. ಎಡಗಡೆ ಬಲಗಡೆಗಿಂತ ಎಳ್ಳಿನಷ್ಟು ಉದ್ದ! ನಿನ್ನೆ ಕೊನೆಯ ಸಲ ಕತ್ತರಿಸುವಾಗ ಅಳತೆ ತಪ್ಪಿತ್ತು. ಇನ್ನು ಇದನ್ನು ಯಾರು ಸರಿಮಾಡುತ್ತಾರೆ ಎನ್ನುವಾಗ ಮೇಜಿನ ಕೆಳಗೆ ಅವನ ಬೆರಳುಗಳು ಕತ್ತರಿಯಂತೆ ಆಡತೊಡಗಿದವು.

"ತಿಳೀತೇನಪ್ಪ?" ಎಂದರು ಮ್ಯಾನೇಜರು.

"ಹೌದು ಸಾರ್," ಎಂದ ಹೌದಪ್ಪ.

ಮನೆಗೆ ಬಂದು ಉಂಡು ಕೂತಿದ್ದಾಗ ಫೋನು ಬಡಿಯಿತು. ಗಾಜಿನ ಬ್ಯಾಂಕು. "ಅಂಕಲ್, ಇನ್ನೂ ಕಾಲ ಮಿಂಚಿಲ್ಲ, ಅದನ್ನ ವಾಪಸ್ ತಗೊಂಡು ನಮ್ಮಲ್ಲಿ—" ಹೌದಪ್ಪನ ಬಾಯಿ 'ಹೌ' ಎನ್ನುವಷ್ಟರಲ್ಲಿ ಹೆಂಡತಿ ಫೋನು ಕಿತ್ತುಕೊಂಡಳು. ಮತ್ತೆ ಬಡಿಯಿತು. ಈ ಸಲ ಕಾರ್ಯದರ್ಶಿ; ದನಿಯಲ್ಲಿ ಕಣ್ಣೀರು. ಅದನ್ನೂ ಅವಳೇ ನಿಭಾಯಿಸಿದಳು.

"ಹೀಗೇ ಆದ್ರೆ ಸಂಜೆಯೊಳಗೆ ದುಡ್ಡು ಮೂರು ಬ್ಯಾಂಕು ಸುತ್ತಿ ಬರುತ್ತೆ," ಎಂದು ಎದುರಿಗೆ ಕೂತಳು. "ನನಗೆ ಪೆಟ್ಟಿಗೆ ಕಟ್ಟೋದಿದೆ. ಈಗ ಕಲೀರಿ. ಬ್ಯಾಂಕಿಂದ ಅಂತ ಯಾರೇ ಫೋನ್ ಮಾಡಲಿ, ಏನೇ ಕೇಳಲಿ, ಇಲ್ಲ ಅನ್ನಿ. ಎಲ್ಲಿ, ಹೇಳಿ?"

"ಇ..."

"ಧೈರ್ಯವಾಗಿ!"

"ಇಲ್ಲ," ಎಂದ ಹೌದಪ್ಪ. ಬಿಸಿ ಗೆಣಸು ಬಾಯಿಗೆ ಹಾಕಿಕೊಂಡವನಂತೆ ಕಣ್ಣಲ್ಲಿ ನೀರು ಬಂತು. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. ಮೆಲ್ಲಗೆ, ಜೋರಾಗಿ, ಹುಬ್ಬು ಗಂಟಿಕ್ಕಿ. ಕೊನೆಕೊನೆಗೆ ರುಚಿ ಹತ್ತಿತು.

ಫೋನು ಬಡಿಯಿತು. ಪರಿಚಯವಿಲ್ಲದ ಹೆಣ್ಣು ದನಿ, ಜೇನಿನಂಥದ್ದು. "ನಮಸ್ಕಾರ, ಬ್ಯಾಂಕಿನಿಂದ ಮಾತಾಡ್ತಿದ್ದೀವಿ. ನಿಮ್ಮ ಖಾತೆಯಿಂದ ಹೊರದೇಶಕ್ಕೆ ಹಣ ಕಳಿಸೋಕೆ ನೀವು ಹೇಳಿದ್ದೀರಾ?"

"ಇಲ್ಲ!"

"ನೀವು ಸಹಿ ಮಾಡಿಲ್ವಾ ಸಾರ್?"

"ಇಲ್ಲ!"

"ಹಾಗಾದ್ರೆ ತಡೆದುಬಿಡೋಣ್ವಾ?" ಎಂದಾಗ ಒಂದು ಗಳಿಗೆ ಗಲಿಬಿಲಿಯಾಯಿತು. ಇದಕ್ಕೂ ಇಲ್ಲ ಎನ್ನಬೇಕೋ ಏನೋ. ಅಷ್ಟರಲ್ಲಿ ಆಕೆ ತುಂಬ ಕಳಕಳಿಯಿಂದ, "ಹೆದರಬೇಡಿ ಸಾರ್, ನಿಮ್ಮ ಹಣ ಭದ್ರ. ಒಳ್ಳೆ ಸಮಯಕ್ಕೆ ಹೇಳಿದ್ರಿ," ಎಂದು ಫೋನಿಟ್ಟಳು.

ಹೌದಪ್ಪ ಎದೆ ಸೆಟೆಸಿಕೊಂಡು ಒಳಗೆ ಹೋಗಿ, "ಮೂರು ಪ್ರಶ್ನೆ ಕೇಳಿದ್ರು ಕಣೇ. ಒಂದಕ್ಕೂ ಬಗ್ಗಲಿಲ್ಲ," ಎಂದ. ಹೆಂಡತಿ ಹೆಮ್ಮೆಯಿಂದ ಅವನ ಅಂಗಿಯ ಕಾಲರು ಸರಿಮಾಡಿದಳು.

ಸಂಜೆ ತಮ್ಮನ ಫೋನು ಬಂತು. "ಅಕ್ಕ, ದುಡ್ಡು ಬರಲೇ ಇಲ್ಲ! ಮಳಿಗೆ ಬೇರೆಯವರಿಗೆ ಕೊಟ್ಟುಬಿಟ್ರು."

ಗಂಡ ಹೆಂಡತಿ ಓಡಿದರು. ಮೀಸೆ ಮ್ಯಾನೇಜರು ಬಾಗಿಲಿಗೆ ಬೀಗ ಹಾಕುತ್ತಿದ್ದವರು ತಲೆ ಚಚ್ಚಿಕೊಂಡರು. "ಅಯ್ಯೋ ಪುಣ್ಯಾತ್ಮ! ದೊಡ್ಡ ಮೊತ್ತ, ಮುಖ್ಯ ಕಚೇರಿಯಿಂದ ವಿಚಾರಿಸೋಕೆ ಫೋನ್ ಮಾಡ್ತಾರೆ, ಹೌದು ಅನ್ನು, ಅಷ್ಟು ಸಾಕು ಅಂತ ಬಿಡಿಸಿ ಬಿಡಿಸಿ ಹೇಳಿದ್ನಲ್ಲೋ! ಹುಟ್ಟಿದಾಗಿನಿಂದ ಹೌದು ಅಂದವನು ಇವತ್ತೇ ಇಲ್ಲ ಅನ್ಬೇಕಿತ್ತಾ? ಕಳ್ಳರ ಕೈವಾಡ ಅಂತ ನಿನ್ನ ಖಾತೆಗೇ ಬೀಗ ಜಡಿದಿದ್ದಾರೆ. ವಿಚಾರಣೆ ಮುಗಿಯೋವರೆಗೂ ನಿನ್ನ ದುಡ್ಡು ನಿನಗೇ ಸಿಗಲ್ಲ."

ಹೆಂಡತಿ ಮನೆಗೆ ಬಂದು, ತಮ್ಮನಿಗೆಂದು ಹೆಣೆದ ಉಲ್ಲನ್ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಳು. ಬೈಗುಳಕ್ಕೆ ಕಾದು ತಲೆ ತಗ್ಗಿಸಿ ನಿಂತ ಹೌದಪ್ಪನನ್ನು ನೋಡಿ, "ಹೇಳಿಕೊಟ್ಟವಳು ನಾನೇ ಅಲ್ವಾ?" ಎಂದಳು.

ಇದಕ್ಕೆ ಮಾತ್ರ ಅವನು ಹೌದು ಎನ್ನಲಿಲ್ಲ. ಪಕ್ಕದಲ್ಲಿ ಕೂತು ಆ ಅಂಗಿಯ ತೋಳು ಮಡಿಸಿಕೊಟ್ಟ.

ಮರುದಿನ ಅಂಗಡಿಯ ಬಾಗಿಲು ತೆರೆದಾಗ ಹೊಸ್ತಿಲ ಆಚೆ ಮೂವರೂ ನಿಂತಿದ್ದರು. ಮೊದಲು ಕೂತದ್ದು ಬೋಳುತಲೆಯ ಕಾರ್ಯದರ್ಶಿ. ಅವರ ತಿಂಗಳಿನ್ನೂ ತುಂಬಿರಲಿಲ್ಲ. ಬೆಂಚಿನ ಮೇಲೆ ಮೀಸೆಯವರು ಒಂದು ಕಡೆ ಮೀಸೆ ಸವರಿಕೊಳ್ಳುತ್ತಿದ್ದರು, ಆಫೀಸರು ಹಳೆಯ ಪತ್ರಿಕೆ ತಿರುವಿಹಾಕುತ್ತಿದ್ದರು. ಹೌದಪ್ಪ ಬಿಳಿ ಬಟ್ಟೆ ಹೊದಿಸಿ, ನೆಲದ ತಗ್ಗಿನಲ್ಲಿ ಪಾದ ಇಟ್ಟು, ಗಾಳಿಯಲ್ಲಿ ಕತ್ತರಿ ಆಡಿಸತೊಡಗಿದ.

ಕಾರ್ಯದರ್ಶಿ ಕನ್ನಡಿಯಲ್ಲಿ ಅವನ ಕಣ್ಣನ್ನು ಹುಡುಕಿ, ಪಿಸುದನಿಯಲ್ಲಿ ಕೇಳಿದರು: "ದುಡ್ಡು ಬಿಡುಗಡೆ ಆದಮೇಲೆ ನಮ್ಮ ಬ್ಯಾಂಕಿಗೇ ತಾನೇ?"

ಬೆಂಚಿನ ಮೇಲೆ ಪತ್ರಿಕೆ ನಿಂತಿತು, ಮೀಸೆಯ ಕೈ ನಿಂತಿತು. ಪರದೆಯ ಹಿಂದೆ ಹೆಂಡತಿ ಕೆಮ್ಮಿದಳು.

"ಹೌದು ಸಾರ್," ಎಂದ ಹೌದಪ್ಪ.