ಬಣ್ಣ ಬಿಟ್ಟ ಚಕ್ರವರ್ತಿ

ನೀಲಿ ಬಣ್ಣದ ವಿಷಯದಲ್ಲಿ ಬೋರಣ್ಣನಿಗೆ ಟೋಪಿ ಹಾಕುವವರು ಇಡೀ ರಾಯದುರ್ಗದಲ್ಲಿ ಇನ್ನೂ ಹುಟ್ಟಿರಲಿಲ್ಲ. ಎಂಟು ಮಿಷನ್ನುಗಳ ಜೀನ್ಸ್ ಹೊಲಿಗೆ ಸಾಮ್ರಾಜ್ಯದ ಒಡೆಯನಾದ ಆತ ಬಟ್ಟೆಯನ್ನು ಒಮ್ಮೆ ಮೂಸಿ, ಅದು ಎಷ್ಟನೇ ಒಗೆತಕ್ಕೆ ಬಣ್ಣ ಬಿಡುತ್ತದೆಂದು ಭವಿಷ್ಯ ನುಡಿಯುತ್ತಿದ್ದ. ಅಂಥವನ ಮನೆಯಲ್ಲೇ, ಅವನ ಕಣ್ಣೆದುರೇ, ಚಕ್ರವರ್ತಿ ಬಣ್ಣ ಬಿಡತೊಡಗಿದ!

ಚಕ್ರವರ್ತಿ ಎಂದರೆ ಮೀನು. ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ತಂದಾಗ ಬೆರಳುದ್ದ. ಕಡುನೀಲಿ ಮೈ, ಮೇಲೆ ಬಿಳಿ ಬಳೆಗಳ ಚಿತ್ತಾರ. ಅಂಗಡಿಯವನು ‘ಎಂಪರರ್ ಏಂಜೆಲ್’ ಅಂದದ್ದನ್ನು ಬೋರಣ್ಣ ಚಕ್ರವರ್ತಿ ಮಾಡಿದ್ದ. ಸಮುದ್ರದ ಮೀನಾದ್ದರಿಂದ ಚೀಲಗಟ್ಟಲೆ ಉಪ್ಪು ಕದಡಿ ನಡುಮನೆಯಲ್ಲೇ ಸಮುದ್ರದ ಸ್ಥಾಪನೆಯಾಯಿತು. ಆರಡಿ ಗಾಜಿನ ತೊಟ್ಟಿಗೆ ಜಾಗ ಬಿಟ್ಟು ಸೋಫಾ ಅಂಗಳಕ್ಕೆ ಹೋಯಿತು. (ಬಂದ ನೆಂಟರೂ ಅದರ ಹಿಂದೆಯೇ ಹೋಗಿ ಅಂಗಳದಲ್ಲಿ ಕೂತರು.) ಜೊತೆಗಿರಲೆಂದು ಬಿಟ್ಟ ಎರಡು ಮೀನುಗಳನ್ನು ಚಕ್ರವರ್ತಿ ವಾರದೊಳಗೆ ಕೈಲಾಸಕ್ಕೆ ಕಳಿಸಿದ. ಆದರೆ ಬೋರಣ್ಣನ ಹೆಂಡತಿ ಕೊಟ್ರಮ್ಮ ಹತ್ತಿರ ಬಂದರೆ ಸಾಕು, ನಾಯಿಮರಿಯಂತೆ ಗಾಜಿಗೆ ಮೂತಿ ಒತ್ತುತ್ತಿದ್ದ. ಸೊಪ್ಪು ಹಾಕುವವಳು ಅವಳೇ ತಾನೆ?

ಈಗ ಚಕ್ರವರ್ತಿ ತಟ್ಟೆಯಗಲ ಬೆಳೆದಿದ್ದ. ಬಿಳಿ ಬಳೆಗಳು ಮಾಯ. ಮೈತುಂಬ ಹಳದಿ ಗೆರೆ.

“ಖರೇ ಹೇಳು, ತೊಟ್ಟಿಗೆ ಏನ್ ಹಾಕೀದಿ? ಬ್ಲೀಚಾ?”

“ಪಾಲಕ್ ಸೊಪ್ಪು ಹಾಕೀನ್ರಿ.”

“ಸೊಪ್ಪು ತಿಂದ್ರ ಹಸರಾಗಬೇಕಿತ್ತು. ಹಳದಿ ಯಾಕಾತು?”

“ನೀವೂ ದಿನಾ ಬ್ಯಾಳಿಸಾರು ಉಣ್ತೀರಿ, ಹಳದಿ ಆಗೀರೇನು?”

ಜೀನ್ಸ್ ಶಾಸ್ತ್ರದಲ್ಲಿ ಇದಕ್ಕೊಂದು ಪರೀಕ್ಷೆಯಿದೆ: ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ, ಬಣ್ಣ ಅಂಟುತ್ತದೋ ನೋಡುವುದು. ಬೋರಣ್ಣ ಸ್ಟೂಲ್ ಹತ್ತಿ, ತೋಳು ಮಡಚಿ, ಬಟ್ಟೆಯ ಸಮೇತ ಸಮುದ್ರಕ್ಕೆ ಕೈಯಿಳಿಸಿದ. ಆ ಜಾತಿಯ ಮೀನಿಗೆ ಕೆನ್ನೆಯಲ್ಲೊಂದು ಮುಳ್ಳಿರುತ್ತದೆ. ಬಟ್ಟೆಗೆ ಅಂಟಿದ್ದು ನೀಲಿಯಲ್ಲ, ಕೆಂಪು. ಅದೂ ಬೋರಣ್ಣನ ಬೆರಳಿನದು.

“ಡಿಫೆಕ್ಟ್ ಮಾಲು! ವಾಪಸ್ ಕೊಟ್ಟು ಬರ್ತೀನಿ!”

“ಬ್ಯಾಡ್ರಿ, ಪಾಪ, ನನ್ನ ಕೈಯಾಗ ಬೆಳೆದಿದ್ದು. ಮೊದ್ಲು ಅಂಗಡಿಗೆ ಒಂದು ಫೋನರ ಮಾಡ್ರಿ.”

“ನೀಲಿ ಬಗ್ಗೆ ನಾನು ಇನ್ನೊಬ್ಬರನ್ನ ಕೇಳೋದಾ?”

ಮರುದಿನ ಸಂಜೆ ಬೋರಣ್ಣ ಚಕ್ರವರ್ತಿಯನ್ನು ಅಂಗಡಿಗೆ ಒಪ್ಪಿಸಿ, ಬೆಂಗಳೂರಿನಿಂದ ದಿಗ್ವಿಜಯ ಮುಗಿಸಿ ಬಂದ. ಕೈಯಲ್ಲಿ ಕವರು, ಕವರಿನಲ್ಲಿ ಬೆರಳುದ್ದದ ಹೊಸ ನೀಲಿ ಮೀನು.

“ಅಂಗಡಿಯವ ಒಂದ್ ಮಾತು ಎದುರಾಡ್ಲಿಲ್ಲ ನೋಡು! ಚಾ ತರಿಸಿದ. ಬಸ್ ಸ್ಟ್ಯಾಂಡ್ ತನಕ ತಾನೇ ಬಂದು ಬಿಟ್ಟ!”

“ಬಿಡದೆ ಏನ್ ಮಾಡ್ತಾನ್ರಿ?” ಕೊಟ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೀವು ಅಲ್ಲಿಂದ ಬಸ್ ಹತ್ತಿದ ಮ್ಯಾಲ, ನಮ್ಮ ಮೀನು ಹೆಂಗೈತಿ ಅಂತ ಅಂಗಡಿಗೆ ಫೋನ್ ಮಾಡಿದ್ದೆ. ನೀಲಿ ಇರೋದು ಕೂಸಿದ್ದಾಗಷ್ಟೇ ಅಂತ. ದೊಡ್ಡದಾದ್ರ ಹಳದಿ ಗೆರಿ ಬರ್ತಾವಂತ. ಅಂಥಾ ಬೆಳೆದ ಮೀನು ಬೇಕಂತ ಗಿರಾಕಿಗಳು ವರ್ಷಗಟ್ಲೆ ಕಾಯ್ತಾರಂತ. ‘ನಿಮ್ಮ ಯಜಮಾನರಂಥ ಪುಣ್ಯಾತ್ಮರು ನಿಮ್ಮೂರಾಗ ಇನ್ನೂ ಅದಾರೇನಮ್ಮ?’ ಅಂತ ಕೇಳಿದ.”

ಬೋರಣ್ಣ ಕವರಿನೊಳಗಿನ ನೀಲಿಯನ್ನೇ ನೋಡುತ್ತ ನಿಂತ. ಕೊಟ್ರಮ್ಮ ಅವನ ನೆತ್ತಿಯನ್ನೇ ನೋಡುತ್ತ ನಿಂತಳು.

“ಮದುವಿ ಟೈಮಿನಾಗ ಈ ತಲಿ ಕರ್ರಗಿತ್ರಿ. ಈಗ ಪೂರಾ ಬಣ್ಣ ಬಿಟ್ಟೈತಿ. ನನ್ನ ಪೀಸು ಯಾವ ಅಂಗಡಿಗೆ ವಾಪಸ್ ಕೊಡ್ಲಿ, ನೀವೇ ಹೇಳ್ರಿ.”

ಬೋರಣ್ಣ ಟವೆಲನ್ನು ತಲೆಗೆ ಸುತ್ತಿಕೊಂಡು ಅಂಗಳಕ್ಕೆ ನಡೆದು, ಸೋಫಾದ ಮೇಲೆ ನೆಂಟನಂತೆ ಕೂತ.